ಸಿಸ್ಟರಬಾಯಿ ಬೇಡಿದ ಮಾತು

ಬೀದರಿನ ಮಿಷನ್ ದವಾಖಾನೆಯಲ್ಲಿ ನಾನು ನರ್ಸ್ ಕೆಲಸಕ್ಕೆ ಸೇರಿದಾಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮನ್ನಳ್ಳಿಯ ಮಿಷನ್ ಸಾಲೆಯ ಮಾಸ್ತರರ ಮಗಳು ನಾನು. ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ದಣಿವು. ಹಂಡೆಯಲ್ಲಿ ಸೂಜಿ, ಬಟ್ಟೆ ಕುದಿಸಬೇಕು, ರೋಗಿಗಳ ಕೆಳಗಿನ ಚಾದರ ಬದಲಿಸಬೇಕು, ಗಾಯದ ಪಟ್ಟಿಗಳನ್ನು ತೊಳೆದು ಒಣಗಿಸಿ ಮತ್ತೆ ಸುತ್ತಿಡಬೇಕು. ಅದು ಮುಗಿಯುವಷ್ಟರಲ್ಲಿ ಹೊರಗೆ ಚಕ್ಕಡಿ ಬಂದು ನಿಂತಿರುತ್ತಿತ್ತು. ಅದರಲ್ಲೊಬ್ಬ ಬಾಣಂತಿ, ಇಲ್ಲವೇ ಹಾವು ಕಚ್ಚಿದವನು.

ನಮ್ಮ ಮೇಲೆ ಇದ್ದವರು ಐವತ್ತು ದಾಟಿದ ಒಬ್ಬ ಬಿಳಿ ಹೆಂಗಸು. ಎಲ್ಲರೂ ಅವರನ್ನು ಸಿಸ್ಟರಬಾಯಿ ಎನ್ನುತ್ತಿದ್ದರು. ಡಾಕ್ಟರು ಅಮೆರಿಕದವರಾದ್ದರಿಂದ ಇವರೂ ಅಲ್ಲಿಯವರೇ ಎಂದು ಊರೆಲ್ಲ ತಿಳಿದಿತ್ತು, ನಾನೂ ಹಾಗೇ ತಿಳಿದಿದ್ದೆ. ಒಮ್ಮೆ ಪಟ್ಟಿ ಸುತ್ತುತ್ತ ಕುಳಿತಾಗ ಕೇಳಿದೆ.

"ನಿಮ್ಮ ಅಮೆರಿಕಾದಾಗ ಚಳಿ ಭಾಳ ಅದ ಅಂತಾರಲ್ರಿ?"

"ಅಮೆರಿಕಾ ನಂದಲ್ರಿ," ಅಂದರು ಅವರು. ಸಿಸ್ಟರಬಾಯಿ ಕನ್ನಡ ಕಲಿತದ್ದು ರೋಗಿಗಳಿಂದ. ಹಾಗಾಗಿ ನಮಗೂ 'ರಿ', ಕೂಸುಗಳಿಗೂ 'ರಿ', ಬಾಗಿಲಲ್ಲಿ ಮಲಗಿದ ನಾಯಿಗೂ 'ರಿ'. "ನಂದು ಅಲ್ಬೇನಿಯಾ. ನಾವು ಅದಕ್ಕ ಶ್ಚಿಪರಿ ಅಂತೀವಿ. ನೋಡ್ರಿ, ನಮ್ಮ ದೇಶದ ಹೆಸರಿಗೂ ಕಡೀಕ ರಿ ಅದ."

ಅಲ್ಬೇನಿಯಾ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರೇ ನೆಲದ ಮೇಲೆ ನೀರಿನಿಂದ ಗೆರೆ ಎಳೆದು ತೋರಿಸಿದರು. ಇಲ್ಲಿ ಇಟಲಿ, ಇಲ್ಲಿ ಗ್ರೀಸ್, ನಡುವೆ ಸಮುದ್ರದ ದಂಡೆಗೆ ಒಂದು ಗೇಣಿನಷ್ಟು ನೆಲ. ಅದರಲ್ಲಿ ತೆಂಕಣ ಕಡೆಗೆ ಕೊರ್ಚಾ ಎಂಬ ಊರು. ನೀರು ಆರುವ ಮೊದಲೇ ಹೇಳಿ ಮುಗಿಸಿದರು. ಅವರಪ್ಪ ಆ ಊರಿನ ಎಷ್ಟೋ ಗಂಡಸರಂತೆ ದುಡಿಯಲು ಅಮೆರಿಕಕ್ಕೆ ಹೋಗಿ ಬೂಟು ಜೋಡಿನ ಕಾರ್ಖಾನೆಗೆ ಸೇರಿದ್ದರು. ಮಗಳು ಹರೆಯಕ್ಕೆ ಬಂದ ಮೇಲೆ ಅಪ್ಪನ ಬಳಿಗೆ ಹೋಗಿ, ನರ್ಸ್ ಕಲಿತು, ಮಿಷನ್ನಿನವರ ಜೊತೆ ಇಲ್ಲಿಗೆ ಬಂದರು. ತಾಯಿ ಕೊರ್ಚಾದಲ್ಲೇ ಉಳಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಬಂದ ಸರ್ಕಾರ ದೇಶದ ಬಾಗಿಲನ್ನೇ ಹಾಕಿಕೊಂಡಿತು. ಹೊರಗಿದ್ದವರು ಒಳಗೆ ಹೋಗುವಂತಿಲ್ಲ, ಒಳಗಿದ್ದವರು ಹೊರಗೆ ಬರುವಂತಿಲ್ಲ.

"ಅವ್ವ ಅದಾಳೋ ಇಲ್ಲೋ ಗೊತ್ತಿಲ್ರಿ," ಎಂದು ಎದ್ದು ಹೋಗಿ ಒಲೆಯ ಮೇಲಿನ ಹಂಡೆ ನೋಡಿದರು. ಅವರು ಅಳುವುದನ್ನು ನಾನು ಎಂದೂ ನೋಡಲಿಲ್ಲ. ಆದರೆ ಕುಳಿತಲ್ಲಿಂದ ಏಳುವಾಗ ಗೋಡೆಗೆ ಕೈಕೊಟ್ಟು ಏಳುತ್ತಿದ್ದರು.

ದೂರದಿಂದ ಬಂದವರಾದರೂ ಬೀದರು ಅವರಿಗೆ ಬೇಗ ಒಗ್ಗಿತಂತೆ. ಅವರ ನಾಡನ್ನು ತುರ್ಕರು ಬಹಳ ಕಾಲ ಆಳಿದ್ದರಿಂದ ಜೇಬು, ದುಕಾನು, ಸಾಬೂನು, ಹಿಸಾಬು ಎಂಬ ಮಾತುಗಳೆಲ್ಲ ಸ್ವಲ್ಪ ಹೆಚ್ಚುಕಡಿಮೆ ಅವರ ಭಾಷೆಯಲ್ಲೂ ಇದ್ದವು. ಬೀದರಿನ ಪೇಟೆಯಲ್ಲಿ ಮೊದಲ ದಿನವೇ ಸಾಬೂನು ಕೇಳಿ ತಂದದ್ದನ್ನು ಹೇಳಿ ನಗುತ್ತಿದ್ದರು. ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ಅವರಲ್ಲಿ ಕುರ್ಬೆತ್ ಎನ್ನುತ್ತಾರೆ. ನಮ್ಮ ಔಷಧಿ ಕೊಡುವ ಮುದುಕ ಕಂಪೌಂಡರ್ ಸಾಹೇಬರು ಅದನ್ನು ಕೇಳಿ, "ಇದು ನಮ್ಮ ಉರ್ದುವಿನ ಗುರ್ಬತ್ ಅಲ್ಲೇನ್ರಿ ಬಾಯಿ, ಪರದೇಶಿ ಬಾಳು," ಎಂದು ಔಷಧಿ ಅಳೆಯುವುದನ್ನೇ ನಿಲ್ಲಿಸಿದ್ದರು. ಇನ್ನೊಂದು ವಿಚಿತ್ರವಿತ್ತು. ಹೌದು ಎನ್ನಲು ಸಿಸ್ಟರಬಾಯಿ ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದರು. ಇಲ್ಲ ಎನ್ನಲು ಗದ್ದ ಮೇಲೆತ್ತಿ 'ಚ್' ಎನ್ನುತ್ತಿದ್ದರು. ಅವರ ಕಡೆ ಎಲ್ಲರೂ ಹಾಗೇ ಅಂತೆ. ಅಮೆರಿಕದ ಡಾಕ್ಟರು ಇದರಿಂದ ಎಷ್ಟೋ ಸಲ ಗೊಂದಲಕ್ಕೆ ಬಿದ್ದರು. ನಮ್ಮ ರೋಗಿಗಳು ಮಾತ್ರ ಒಮ್ಮೆಯೂ ತಪ್ಪು ತಿಳಿಯಲಿಲ್ಲ, ಅವರೂ ಹಾಗೇ ಮಾಡುವವರು.

ಈಗ ಹೇಳಹೊರಟದ್ದು ಬೀದರು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಡೆದದ್ದು. ವಾರಕ್ಕೊಮ್ಮೆ ದವಾಖಾನೆಯ ಜೀಪು ಔಷಧಿ ಪೆಟ್ಟಿಗೆ ಹೇರಿಕೊಂಡು ಭಾಲ್ಕಿಯ ಕಡೆಗೋ ಔರಾದಿನ ಕಡೆಗೋ ಹೋಗುತ್ತಿತ್ತು. ಠಾಣಾ ಕುಶನೂರಿನಿಂದ ಆಚೆ ಒಂದು ಹಳ್ಳಿಯಲ್ಲಿ ಬೇವಿನ ಗಿಡದ ಕೆಳಗೆ ನಾವು ಪೆಟ್ಟಿಗೆ ತೆರೆಯುತ್ತಿದ್ದೆವು. ಮಳೆಗಾಲ ಮುಗಿದು ಬಿಳಿಜೋಳ ಬಿತ್ತುವ ಹೊತ್ತು. ಜೀಪಿನಲ್ಲಿ ಬರುವಾಗ ಒಂದು ಹೊಲದಲ್ಲಿ ಇಬ್ಬರು ಹೆಂಗಸರು ಎತ್ತು ಕಟ್ಟಿ ಕುಂಟೆ ಹೊಡೆಯುತ್ತಿದ್ದುದನ್ನು ಕಂಡೆ. ಹೆಂಗಸರು ಕಳೆ ತೆಗೆಯುವುದನ್ನು ನೋಡಿದ್ದೆ, ಎತ್ತು ಹೂಡುವುದನ್ನು ನೋಡಿರಲಿಲ್ಲ. ಮನೆಯ ಗಂಡಸರು ಸತ್ತಿರಬೇಕು ಅಂದುಕೊಂಡೆ.

ಆ ಇಬ್ಬರಲ್ಲಿ ಕಿರಿಯಳು ಮಣ್ಣುಕಾಲಲ್ಲೇ ಗಿಡದ ಬಳಿ ಬಂದಳು. "ಎತ್ತಿನ ಕಾಲಿಗೆ ಗಾಯ ಆಗೇದ್ರಿ. ಹುಳ ಬಿದ್ದಾವ. ಹಚ್ಚಲಕ ಏನಾರ ಕೊಡ್ರಿ."

ಸಿಸ್ಟರಬಾಯಿ ಅವಳ ಸೆರಗನ್ನು ನೋಡಿದರು. ಅದರ ತುದಿ ಕೀವಿನಿಂದ ಗಟ್ಟಿಯಾಗಿತ್ತು. "ಎತ್ತಿನ ಗಾಯ ಸೆರಗಿಲೆ ಒರಸ್ತಾರೇನ್ರಿ? ನಡೀರಿ, ನೋಡೋಣ," ಎಂದರು. ಅವಳ ಮುಖ ಬಿಳಿಚಿತು. ಬೇಡವೆಂದಳು, ಅತ್ತಳು, ಕೊನೆಗೆ ಮುಂದೆ ನಡೆದಳು.

ಓಣಿಯ ತುದಿಯ ಮನೆ ಅದು. ಹಗಲಲ್ಲೂ ಬಾಗಿಲಿಗೆ ಅಡ್ಡಗೋಲು. ಒಳಗೆ ಕಾಲಿಟ್ಟಾಗ ಪಡಸಾಲೆಯ ಗೋಡೆಗೆ ಒರಗಿ ಮೂವರು ಗಂಡಸರು ಕುಳಿತಿದ್ದರು. ಒಬ್ಬ ಮುದುಕ, ಇಬ್ಬರು ನಡುಹರೆಯದವರು. ಒಕ್ಕಲುತನದ ಮೈ, ಆದರೆ ಬಿಸಿಲು ಕಾಣದ ಮುಖ. ಒಳಕೋಣೆಯಲ್ಲಿ ಹೊರಸಿನ ಮೇಲೆ ನಾಲ್ಕನೆಯವನು ಮಲಗಿದ್ದ. ಆ ಹುಡುಗಿಯ ಗಂಡ. ಮೊಣಕಾಲ ಕೆಳಗೆ ಕೊಡಲಿಯ ಹಳೆಯ ಗಾಯ, ಕೊಳೆತು ಕಪ್ಪಾಗಿತ್ತು. ನಾನು ಸೆರಗು ಮೂಗಿಗೆ ಒತ್ತಿಕೊಂಡೆ.

ಆದದ್ದನ್ನು ಮುದುಕನೇ ಹೇಳಿದ. ಇದೇ ಓಣಿಯಲ್ಲಿ ಅವರ ದಾಯಾದಿಗಳ ಮನೆ ಇತ್ತು. ಹೊಲದ ಬದುವಿಗಾಗಿ ಮಳೆಗಾಲದ ಮೊದಲಿಗೆ ಜಗಳವಾಗಿ, ಈ ಮನೆಯ ಹಿರಿಯ ಮಗನ ಕೈಯಲ್ಲಿ ಆ ಮನೆಯ ಮಗನೊಬ್ಬ ಸತ್ತ. ಕೊಂದವನು ಜೇಲಿನಲ್ಲಿದ್ದಾನೆ. ಅದೇ ಜಗಳದಲ್ಲಿ ಕಿರಿಯವನ ಕಾಲಿಗೆ ಏಟು ಬಿತ್ತು. ಸತ್ತವನ ಅಣ್ಣತಮ್ಮಂದಿರು ಊರ ಮುಂದೆ ನಿಂತು, ಈ ಮನೆಯ ಗಂಡಸು ಹೊಸ್ತಿಲು ದಾಟಿದರೆ ಕಡಿಯುತ್ತೇವೆ ಎಂದಿದ್ದರು. ಅಂದಿನಿಂದ ಗಂಡಸರು ಒಳಗೆ, ಹೆಂಗಸರು ಹೊಲದಲ್ಲಿ.

"ಪೊಲೀಸ್ ಠಾಣೆ ಅಮೀನಸಾಬರಿಗೆ ಹೇಳಲಿಲ್ಲೇನ್ರಿ?" ಎಂದೆ.

"ಯಾರಿಗಂತ ಹೇಳಬೇಕವ್ವ? ಇದ್ದಾಂವ ಹೈದರಾಬಾದಿಗಿ ಹೊಂಟಾನ. ಬರಾಂವ ಇನ್ನಾ ಬಂದಿಲ್ಲ. ರಾಜ್ಯಾನೇ ಬದಲಾಗ್ಲಕತ್ತದ, ನಮ್ಮ ಬದು ಯಾರು ನೋಡ್ತಾರ?"

ಸಿಸ್ಟರಬಾಯಿ ಮನೆಯ ಗೋಡೆಗಳನ್ನು, ಮುಚ್ಚಿದ ಕಿಟಕಿಯನ್ನು ನೋಡುತ್ತ ನಿಂತಿದ್ದರು. ಆಮೇಲೆ ಮೆಲ್ಲನೆ ನನಗೆ ಹೇಳಿದರು. "ನಾ ಇದನ್ನ ನೋಡೀನ್ರಿ."

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ವಿವರಿಸಿದರು. ಮೊದಲ ಮಹಾಯುದ್ಧ ಮುಗಿದಾಗ ಇನ್ನೂ ಹುಡುಗಿಯಾಗಿದ್ದ ಅವರು ಪರಿಹಾರ ಕೆಲಸದ ಡಾಕ್ಟರುಗಳ ಜೊತೆ ದುಭಾಷಿಯಾಗಿ ಅಲ್ಬೇನಿಯಾದ ಬಡಗಣ ಬೆಟ್ಟಗಳಿಗೆ ಹೋಗಿದ್ದರು. ಅಲ್ಲಿನವರಿಗೆ ರಕ್ತಕ್ಕೆ ರಕ್ತವೇ ಕಾನೂನು. ಕೊಲೆ ಮಾಡಿದ ಮನೆಯ ಗಂಡಸರು ಬುರುಜಿನಂಥ ಕಲ್ಲುಮನೆಗಳಲ್ಲಿ ವರ್ಷಗಟ್ಟಲೆ ಅಡಗಿರುತ್ತಿದ್ದರು. ಹೆಂಗಸನ್ನು ಯಾರೂ ಮುಟ್ಟುವಂತಿಲ್ಲ, ಹಾಗಾಗಿ ಉಳುವುದು, ಬಿತ್ತುವುದು, ಸಂತೆಗೆ ಹೋಗುವುದು ಎಲ್ಲ ಅವರದೇ.

"ಮತ್ತ ಗಂಡಸರಿಗೆ ಜಡ್ಡು ಬಂದ್ರ?"

"ಬೆಸಾ ಬೇಡ್ತಾರ್ರಿ. ಬೆಸಾ ಅಂದ್ರ ಕೊಟ್ಟ ಮಾತು. ಸತ್ತವನ ಮನಿಯವರು, ಇಂಥಾದ್ದು ಆಗೋತನಕ ಮುಟ್ಟಂಗಿಲ್ಲ ಅಂತ ಮಾತು ಕೊಡ್ತಾರ. ಕೊಟ್ಟ ಮ್ಯಾಲೆ ಮುಗೀತು. ವೈರಿ ಎದುರಿಗೆ ಬಂದ್ರೂ ಕೈ ಎತ್ತಂಗಿಲ್ಲ. ಬೆಸಾ ಮುರದವನಿಗಿ ಅವನ ಊರೇ ಹೊರಗ ಹಾಕ್ತದ."

ಕಾಲನ್ನು ಆ ವಾರವೇ ಕತ್ತರಿಸದಿದ್ದರೆ ಆ ಮನುಷ್ಯ ಬದುಕುವುದಿಲ್ಲವೆಂದು ನನಗೂ ಗೊತ್ತಿತ್ತು. ಜೀಪು ಆ ಓಣಿಗೆ ಬರುವುದಿಲ್ಲ. ಹೊರಸಿನ ಮೇಲೆ ಹೊತ್ತು ದಾಯಾದಿಗಳ ಬಾಗಿಲ ಮುಂದೆಯೇ ದಾಟಬೇಕು. ಹೊರುವವರು ಆ ಮನೆಯ ಗಂಡಸರೇ, ಊರಲ್ಲಿ ಬೇರೆ ಯಾರೂ ಹೆಗಲು ಕೊಡಲು ಒಪ್ಪಲಿಲ್ಲ.

ಸಿಸ್ಟರಬಾಯಿ ಎದ್ದರು. "ಸತ್ತವನ ಅವ್ವ ಅದಾರೇನ್ರಿ?"

ಇದ್ದಳು. ಮನೆಯ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಒಣಗಿದ, ಎತ್ತರದ ಮುದುಕಿ. ಇಬ್ಬರು ಮಕ್ಕಳು ಬಾಗಿಲಲ್ಲಿ ಬಂದು ನಿಂತರು. ಸಿಸ್ಟರಬಾಯಿ ನೆಲದ ಮೇಲೆ ಅವಳ ಎದುರಿಗೆ ಕುಳಿತುಕೊಂಡರು. ನಾನು ನಿಂತೇ ಇದ್ದೆ.

"ಆ ಮನ್ಯಾಗ ಒಬ್ಬಂವ ಸಾಯ್ಲಕತ್ತಾನ್ರಿ," ಎಂದರು.

"ಸಾಯ್ಲಿ. ನನ್ನ ಮಗನೂ ಸತ್ತಾನ," ಎಂದಳು ಮುದುಕಿ. ಮೊರದಿಂದ ಕಣ್ಣೆತ್ತಲಿಲ್ಲ.

"ಕ್ಷಮಾ ಮಾಡ್ರಿ ಅನ್ನಂಗಿಲ್ಲ ನಾ. ಅಂವ ಬೀದರಿಗಿ ಹೋಗಿ ತಿರುಗಿ ಬರೋತನಕ ಯಾರೂ ಕೈ ಎತ್ತಬ್ಯಾಡ್ರಿ. ಅಷ್ಟೇ ಮಾತು ಕೊಡ್ರಿ. ನಮ್ಮ ದೇಶದಾಗ ಹಿಂಗ ಕೇಳ್ತಾರ."

ಮುದುಕಿಯ ಕೈ ನಿಂತಿತು. "ನಿಮ್ಮ ದೇಶದಾಗೂ ಹಿಂಗ ಕಡದಾಡ್ತಾರ?"

"ಕಡದಾಡ್ತಾರ್ರಿ. ಸೇಡು ತೀರಸಲಾರದ ಮನಿ ಗಂಡಸರಿಗೆ ಊರಾಗ ಕಾಫಿ ಕೊಡಬೇಕಾದ್ರ ಕೈಯಾಗ ಕೊಡಂಗಿಲ್ಲ. ಮೊಣಕಾಲ ಬುಡಕಲಿಂದ ಸರಸ್ತಾರ. ನೀವು ಗಂಡಸರೇನು ಅಂತ."

ಬಾಗಿಲಲ್ಲಿ ನಿಂತಿದ್ದ ಹಿರಿಯ ಮಗ ಮುಖ ತಿರುಗಿಸಿದ. ಮುದುಕಿ ಅದನ್ನು ನೋಡಿದಳು. "ಇಲ್ಲೂ ಹಂಗೇ ಅದ್ರಿ ಬಾಯಿ," ಎಂದಳು ನಿಧಾನಕ್ಕೆ. "ಚಾದ ದುಕಾನದಾಗ ನನ್ನ ಮಕ್ಕಳು ಕುಂತ್ರ ಮಂದಿ ನಗ್ತಾರ. ಒಡಹುಟ್ಟಿದ ತಮ್ಮನ್ನ ಕಡದವರು ಉಂಡು ಮಲಗ್ಯಾರ, ಇವರು ಚಾ ಕುಡೀಲಕತ್ತಾರ ಅಂತ. ನಗೋರ ಮನ್ಯಾಗ ಯಾರೂ ಸತ್ತಿಲ್ಲ."

ಒಂದು ಕೋಳಿ ಬಂದು ಮೊರಕ್ಕೆ ಬಾಯಿ ಹಾಕಿತು, ಅವಳು ಓಡಿಸಲಿಲ್ಲ. ಆಮೇಲೆ ಎದ್ದು ಮಕ್ಕಳ ಕಡೆ ತಿರುಗಿದಳು. "ಅಂವ ತಿರುಗಿ ಬರೋತನಕ ಆ ಮನಿ ಯಾವ ಗಂಡಸಿನ ಮ್ಯಾಲೂ ಕೈ ಎತ್ತಬ್ಯಾಡ್ರಿ. ಎತ್ತಿದ್ರ ನನ್ನ ಹೆಣದ ಮ್ಯಾಲೆ ಹಾದು ಹೋಗ್ರಿ." ನಮ್ಮ ಕಡೆ ನೋಡಿ, "ಆದ್ರ ನನ್ನ ಬಾಗಿಲ ಮುಂದೇ ಒಯ್ಯಬೇಕು. ಮುಖದ ಮ್ಯಾಲೆ ಬಟ್ಟಿ ಹಾಕಬಾರದು," ಎಂದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಅವನನ್ನು ಹೊರಗೆ ತಂದರು. ತಿಂಗಳುಗಟ್ಟಲೆ ಹೊರಬರದ ಆ ಮೂವರು ಬೆಳಕಿಗೆ ಕಣ್ಣು ಕಿರಿದು ಮಾಡಿ ಎಡವುತ್ತ ನಡೆದರು. ಹೊರಸಿನ ನಾಲ್ಕನೆಯ ಕಾಲನ್ನು ಅವನ ಹೆಂಡತಿಯೇ ಹೆಗಲಿಗೆ ಇಟ್ಟುಕೊಂಡಿದ್ದಳು. ಓಣಿಯ ಎರಡೂ ಬದಿ ಜನ. ಮುದುಕಿ ಹೊಸ್ತಿಲ ಮೇಲೆ, ಹಿಂದೆ ಮಕ್ಕಳು. ಹೊರಸು ಎದುರಿಗೆ ಬಂದಾಗ ಮಲಗಿದ್ದವನು ಕೈ ಜೋಡಿಸಲು ನೋಡಿದ, ಜ್ವರದಲ್ಲಿ ಕೈ ಮೇಲೇಳಲಿಲ್ಲ. ಮುದುಕಿ ಅವನ ಮುಖವನ್ನೇ ದಿಟ್ಟಿಸಿದಳು.

"ಹೋಗ. ತಿರುಗಿ ಬಾ," ಎಂದಳು.

ಊರಿಗೆ ಹೊರಟವರಿಗೆ ನಾವು ಹೋಗಿ ಬಾ ಎನ್ನುತ್ತೇವೆ. ಅದೇ ಮಾತು. ಆದರೆ ಅವಳ ಬಾಯಲ್ಲಿ ಅದು ಹಾರೈಕೆಯಂತೆ ಕೇಳಿಸಲಿಲ್ಲ.

ಡಾಕ್ಟರು ಅವನ ಕಾಲನ್ನು ಮೊಣಕಾಲ ಮೇಲಿನಿಂದ ತೆಗೆದರು. ಜ್ವರ ಇಳಿಯಲು ಬಹಳ ಕಾಲ ಹಿಡಿಯಿತು. ಅವನ ಹೆಂಡತಿ ದವಾಖಾನೆಯ ಹಿಂದೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಸಿಸ್ಟರಬಾಯಿ ಒಮ್ಮೊಮ್ಮೆ ಅವಳ ಒಲೆಯ ಮುಂದೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಒಂದು ಭಾನುವಾರ ಚರ್ಚಿನಿಂದ ಬಂದ ಮೇಲೆ ಗೋಧಿಹಿಟ್ಟನ್ನು ಹಾಳೆಯಂತೆ ತೆಳ್ಳಗೆ ಲಟ್ಟಿಸಿ, ನಡುವೆ ಉಳ್ಳಾಗಡ್ಡಿಯ ತಪ್ಪಲು ಹರವಿ, ಬುಟ್ಟಿಯಷ್ಟಗಲದ ತಾಟಿನಲ್ಲಿಟ್ಟು, ಮೇಲೊಂದು ಹಂಚು ಕವುಚಿ ಅದರ ಮೇಲೂ ಕೆಂಡ ಸುರಿದರು. ಕೊರ್ಚಾದಲ್ಲಿ ಚಳಿಗಾಲಕ್ಕೆ ಎಲ್ಲರ ಮನೆಯಲ್ಲೂ ಮಾಡುವ ಲಾಕ್ರೋರ್ ಅಂತೆ ಅದು. ಒಂದು ಬದಿ ಸುಟ್ಟಿತು, ಇನ್ನೊಂದು ಬದಿ ಹಸಿಯಾಗಿತ್ತು. ನಾವೆಲ್ಲ ಸೇರಿ ತಿಂದೆವು. ಅವರು ಒಂದು ತುಣುಕು ಬಾಯಿಗಿಟ್ಟು, "ಅವ್ವ ನೋಡಿದ್ರ ಬೈತಿದ್ಳು," ಎಂದು ತಾಟು ತೊಳೆಯಲು ಎದ್ದರು.

ಅವನು ಮಲಗಿದ್ದಾಗಲೇ ನಾವು ಮೈಸೂರು ರಾಜ್ಯದವರಾದೆವು. ಊರಲ್ಲಿ ಬಾವುಟ, ಭಾಷಣ, ಪೇಡೆ. ನಮಗೆ ರಜೆ ಇರಲಿಲ್ಲ, ಅಂದು ಎರಡು ಹೆರಿಗೆ ಇದ್ದವು. ಬೀದರು, ಭಾಲ್ಕಿ, ಔರಾದು ಈ ಕಡೆ. ನಿನ್ನೆಯವರೆಗೂ ನಮ್ಮದೇ ಜಿಲ್ಲೆಯಾಗಿದ್ದ ಉದಗೀರು ಮುಂಬಯಿ ರಾಜ್ಯಕ್ಕೆ. ಅಪ್ಪ ಮನ್ನಳ್ಳಿಯಿಂದ ಸುಣ್ಣದಂಥ ಮುಖ ಮಾಡಿಕೊಂಡು ಬಂದರು. ಅವರು ಕಲಿತದ್ದು ಉರ್ದು, ಕಲಿಸಿದ್ದು ಮರಾಠಿ. ಮನೆಯಲ್ಲಿ ಆಡುವ ಕನ್ನಡವನ್ನು ಬರೆದು ರೂಢಿಯೇ ಇರಲಿಲ್ಲ.

"ಈ ವಯಸ್ಸಿನಾಗ ಮತ್ತ ಅ ಆ ಇ ಈ ತಿದ್ದಬೇಕು ನೋಡ್ರಿ ಬಾಯಿ," ಎಂದು ಸಿಸ್ಟರಬಾಯಿಯ ಮುಂದೆ ತೋಡಿಕೊಂಡರು.

ಸಿಸ್ಟರಬಾಯಿ ತಮ್ಮ ತಾಯಿಯ ವಿಷಯ ಹೇಳಿದರು. ತುರ್ಕಿ ಸುಲ್ತಾನರ ಕಾಲಕ್ಕೆ ಅಲ್ಬೇನಿಯಾದ ಮಾತನ್ನು ಸಾಲೆಯಲ್ಲಿ ಕಲಿಸುವುದಕ್ಕೇ ತಡೆಯಿತ್ತು. ಪುಸ್ತಕಗಳು ಹೊರದೇಶದಲ್ಲಿ ಅಚ್ಚಾಗಿ, ಹೇಸರಗತ್ತೆಗಳ ಹೇರಿನಲ್ಲಿ ಅಡಗಿ ಬರುತ್ತಿದ್ದವು. ಅದನ್ನು ಬರೆಯುವುದಾದರೂ ಹೇಗೆ? ಮಸೀದಿಯವರು ಅರಬ್ಬಿ ಅಕ್ಷರ ಎಂದರು, ಚರ್ಚಿನವರು ಗ್ರೀಕ್ ಎಂದರು, ಇನ್ನು ಕೆಲವರು ಲ್ಯಾಟಿನ್ ಎಂದರು. ಕೊರ್ಚಾದಲ್ಲಿ ಹುಡುಗಿಯರಿಗೆಂದೇ ಒಂದು ಸಾಲೆ ತೆರೆದು ಅವರದೇ ಮಾತಿನಲ್ಲಿ ಕಲಿಸತೊಡಗಿದಾಗ, ಅಲ್ಲಿಗೆ ಹೋದ ಹುಡುಗಿಯರ ಮನೆಯವರನ್ನು ಪಾದ್ರಿಗಳು ಶಪಿಸಿದರಂತೆ. ತಾಯಿ ಆದರೂ ಹೋದರು. "ಮಾತು ನಮ್ಮದು, ಅಕ್ಷರ ಮಂದೀದು. ಅವ್ವನ ಜೀವನ ಅದರಾಗೇ ಹೋಯ್ತು ಮಾಸ್ತರರೇ. ನೀವು ತಿದ್ರಿ. ನಿಮಗ ಯಾರೂ ಶಾಪ ಹಾಕಂಗಿಲ್ಲ."

ಅಪ್ಪ ನಗಲಿಲ್ಲ. ಆದರೆ ಹೋಗುವಾಗ ಪೇಟೆಯಲ್ಲಿ ಪಾಟಿ ಬಳಪ ಕೊಂಡರು.

ಗಾಯ ಮಾಗಿ, ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಡಾಕ್ಟರು ಕಾಲು ಕಳೆದುಕೊಂಡವನಿಗೆ ಮನೆಗೆ ಹೋಗಲು ಹೇಳಿದರು. ಅವನು ಹೊರಸಿನ ಅಂಚಿಗೆ ಕುಳಿತು ನೆಲ ನೋಡಿದ. ಊರಲ್ಲಿ ಅವನ ಅಪ್ಪ, ಚಿಕ್ಕಪ್ಪಂದಿರು ಆಗಲೇ ಹೊಲಕ್ಕೆ ಹೋಗತೊಡಗಿದ್ದರು. ಮೊದಮೊದಲು ಇಬ್ಬಿಬ್ಬರಾಗಿ, ಆಮೇಲೆ ಒಬ್ಬೊಬ್ಬರಾಗಿ. ಯಾರೂ ಕೈ ಎತ್ತಿರಲಿಲ್ಲ. ಮುದುಕಿಯ ಮಾತು ನಿಂತಿತ್ತು. ಇವನು ಹೊಸ್ತಿಲು ತುಳಿದ ಗಳಿಗೆಗೆ ಆ ಮಾತು ಮುಗಿಯುತ್ತಿತ್ತು.

"ನಾ ಹೋಗಂಗಿಲ್ರಿ," ಎಂದ ಕೊನೆಗೆ. "ಇಕಿ ತವರಮನಿ ಉದಗೀರ ಕಡೆ ಅದ. ಅಲ್ಲೇ ಹೋಗ್ತೀನಿ."

ಸಿಸ್ಟರಬಾಯಿ ಅವನ ಪಟ್ಟಿ ಬಿಗಿ ಮಾಡಿದರು. ಅವನ ಹೆಂಡತಿ ಗಂಟು ಕಟ್ಟಿದಳು. ಹೊಸ ಗಡಿ ದಾಟಿ ಅವರು ಹೋದರು. ಹೋದವನಿಗೆ ತನ್ನ ಊರು ಒಂದು ದಿನದ ದಾರಿ. ಆದರೂ ಅಪ್ಪ ಸತ್ತಾಗಲೂ ಬರಲಿಲ್ಲ ಎಂದು ಮುಂದೆ ಕೇಳಿದೆ.

ಮರುವರ್ಷ ಬೇಸಿಗೆಯಲ್ಲಿ ಆ ಮುದುಕಿ ಕಣ್ಣಿನ ಪೊರೆ ತೆಗೆಸಲು ಬೀದರಿಗೆ ಬಂದಳು. ಜೊತೆಗೆ ಹಿರಿಯ ಮಗ. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದೆವು. ಮಗ ಹೊರಗೆ ಚಾ ಕುಡಿಯಲು ಹೋದಾಗ ಅವಳು ಕೈ ಆಡಿಸಿ ಸಿಸ್ಟರಬಾಯಿಯ ಸೆರಗಿನಂಥ ಏಪ್ರನ್ ಹಿಡಿದುಕೊಂಡಳು.

"ಅಂವ ಯಾವಾಗ ಬರ್ತಾನ್ರಿ?"

"ಗೊತ್ತಿಲ್ರಿ ಅವ್ವ."

"ಬರಬ್ಯಾಡ ಅಂತ ಹೇಳಿ ಕಳಸ್ರಿ." ದನಿ ಬಹಳ ಕೆಳಗಿತ್ತು. "ಅಂವ ಬಂದ್ರ ನನ್ನ ಮಾತು ಮುಗೀತದ. ಮುಗದ್ರ ಇವರು ಸುಮ್ಮ ಇರಂಗಿಲ್ಲ, ಮಂದಿ ಇವರನ್ನ ಸುಮ್ಮ ಇಡಂಗಿಲ್ಲ. ಮತ್ತೊಂದು ಹೆಣ, ಮತ್ತೊಂದು ಜೇಲು. ನನಗ ಸಾಕಾಗೇದ ಬಾಯಿ. ಆದ್ರ ಸಾಕು ಅಂತ ಬಾಯಿಬಿಟ್ಟು ಹೇಳಲಕ ಬರಂಗಿಲ್ಲ. ಸತ್ತಾಂವ ನನ್ನ ಮಗ."

ಸಿಸ್ಟರಬಾಯಿ ಅವಳ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತರು. ನಾನು ಪಕ್ಕದ ರೋಗಿಗೆ ನೀರು ಕುಡಿಸುತ್ತಿದ್ದೆ. ಮಗ ಬರುವ ಸಪ್ಪಳ ಕೇಳಿ ಮುದುಕಿ ಕೈ ಬಿಟ್ಟಳು.

ಹೇಳಿ ಕಳಿಸಿದೆವು. ಉದಗೀರಿನ ಕಡೆಯಿಂದ ಬಂದ ರೋಗಿಯೊಬ್ಬನ ಬಾಯಲ್ಲಿ. ಅದು ಅವನಿಗೆ ಮುಟ್ಟಿತೋ ಇಲ್ಲವೋ, ಅವನಂತೂ ಬರಲಿಲ್ಲ. ಕೊಂದವನು ಜೇಲಿನಿಂದ ಬಿಡುಗಡೆಯಾಗಿ ಬಂದಾಗಲೂ ಆ ಊರಲ್ಲಿ ಏನೂ ಆಗಲಿಲ್ಲ. ಮುದುಕಿ ಸತ್ತ ಮೇಲೆ ಮಕ್ಕಳು, ಅವ್ವನ ಮಾತು ಅವ್ವನೊಂದಿಗೆ ಹೋಯಿತು ಎಂದು ಒಂದಷ್ಟು ದಿನ ಗುರುಗುಟ್ಟಿದರಂತೆ. ಅಷ್ಟರಲ್ಲಿ ಅವರಿಗೂ ತಲೆ ನರೆತಿತ್ತು. ರಾಜಿ ಆಗಲಿಲ್ಲ. ಎರಡು ಮನೆಗಳ ನಡುವೆ ಬೆಂಕಿ ನೀರು ಕೊಡುವುದೂ ಶುರುವಾಗಲಿಲ್ಲ. ಆ ಬದು ಹಾಗೇ ಉಳಿದು ಅದರ ಮೇಲೆ ಜಾಲಿ ಬೆಳೆಯಿತು.

ಸಿಸ್ಟರಬಾಯಿಗೆ ವಯಸ್ಸಾಯಿತೆಂದು ಮಿಷನ್ನಿನವರು ಅಮೆರಿಕಕ್ಕೆ ವಾಪಸು ಕರೆಸಿಕೊಂಡರು. ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಹೋಗುವ ದೇಶವೂ ಅವರದಲ್ಲ, ಬಿಡುವ ದೇಶವೂ ಅವರದಲ್ಲ. "ಅಲ್ಲಿಂದ ನಿಮ್ಮೂರು ಹತ್ರ ಆಗ್ತದೇನ್ರಿ?" ಎಂದು ಪೆದ್ದಿಯಂತೆ ಕೇಳಿದೆ. "ಎಲ್ಲಿಂದಾನೂ ಅಷ್ಟೇ ದೂರ್ರಿ," ಎಂದರು. ಗಾಡಿ ತಡವಾಗಿ ಬಂತು, ನಾವಿಬ್ಬರೂ ಬೆಂಚಿನ ಮೇಲೆ ತೂಕಡಿಸಿದೆವು. ಆಮೇಲೆ ಅವರ ಸುದ್ದಿ ಬರಲಿಲ್ಲ.

ನಾನು ಭಾಲ್ಕಿಗೆ ಬದಲಾದೆ. ಸಾಯಗಾಂವದ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತ ಅಲ್ಲೇ ನಿವೃತ್ತಳಾದೆ. ಸಿಸ್ಟರಬಾಯಿ ಹೋಗಿ ಎಷ್ಟೋ ವರ್ಷಗಳ ಮೇಲೆ, ಅಲ್ಬೇನಿಯಾದ ಬಾಗಿಲು ತೆರೆಯಿತು ಎಂದು ಪತ್ರಿಕೆಯಲ್ಲಿ ಬಂತು. ಜೊತೆಗೊಂದು ಚಿತ್ರವಿತ್ತು. ಒಂದು ಹಡಗು, ಅದರ ಮೇಲೆ ಕಾಲಿಡಲೂ ಜಾಗವಿಲ್ಲದಂತೆ ಜನ, ಹಗ್ಗಗಳಿಗೂ ಕಂಬಗಳಿಗೂ ಜೋತುಬಿದ್ದವರು. ಎಲ್ಲರೂ ಆ ದೇಶ ಬಿಟ್ಟು ಹೊರಟವರು. ಬಾಗಿಲು ತೆರೆದರೆ ಒಳಗೆ ಹೋಗಲು ಕಾಯುತ್ತಿದ್ದ ಒಬ್ಬರನ್ನು ಬಲ್ಲ ನನಗೆ ಆ ಚಿತ್ರ ತಿಳಿಯಲೇ ಇಲ್ಲ. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದೆ. ಮೊಮ್ಮಗಳು ಶ್ಯಾವಿಗೆ ಹರವಲು ಪತ್ರಿಕೆ ಕೇಳಿದಳು, ಕೊಟ್ಟೆ.